ನಿವೃತ್ತಿಯ ಮೊದಲ ಆರು ತಿಂಗಳು: ದಿನಚರಿ, ನಿದ್ದೆ, ಮನಸ್ಸು, ಆಪ್ತಸಮಾಲೋಚನೆ

ಹೊಂಗೆನೆರಳು

ಕರ್ನಾಟಕ ಸರ್ಕಾರಿ ನೌಕರರು 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಆ ಸಂಜೆ ಶಾಲು, ಹಾರ, ಫಲತಾಂಬೂಲ, ನಾಲ್ಕು ಒಳ್ಳೆಯ ಮಾತು. ಮರುದಿನ ಬೆಳಗ್ಗೆ ಒಂಬತ್ತೂವರೆಗೆ ಊಟದ ಡಬ್ಬಿ ತೊಳೆದಿಟ್ಟಲ್ಲೇ ಇರುತ್ತದೆ. ಪಿಂಚಣಿಗೆ ಯಾವ ಯಾವ ಕಾಗದ ಬೇಕು ಅಂತ ಕಚೇರಿಯಲ್ಲೇ ಪಟ್ಟಿ ಸಿಗುತ್ತದೆ. ಮನಸ್ಸನ್ನು ನೋಡಿಕೊಳ್ಳುವುದಕ್ಕೆ ಅಂಥ ಪಟ್ಟಿ ಯಾರೂ ಕೊಡುವುದಿಲ್ಲ. ಅದನ್ನು ಇಲ್ಲಿ ಎಲ್ಲರೂ ಸೇರಿ ಮಾಡೋಣ. ಅನುಭವ ಹಂಚಿಕೊಳ್ಳುವುದಕ್ಕೆ ಬೇರೆ ಚರ್ಚೆ ನಡೆಯುತ್ತಿದೆ, ಇಲ್ಲಿ ಏನು ಮಾಡಬೇಕು, ಎಷ್ಟು ಮಾಡಬೇಕು, ಎಲ್ಲಿ ತಪ್ಪುತ್ತದೆ ಅನ್ನುವುದಷ್ಟೇ ಬರೆಯಿರಿ.

ಮೊದಲಿಗೆ ಒಂದು ಲೆಕ್ಕ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಅಮೆರಿಕದ ಇಬ್ಬರು ಮನೋವೈದ್ಯರು ಬದುಕಿನ 43 ಬದಲಾವಣೆಗಳಿಗೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಗಂಡ ಅಥವಾ ಹೆಂಡತಿಯ ಸಾವಿಗೆ 100, ನಿವೃತ್ತಿಗೆ 45. ಬರೀ 45 ತಾನೇ ಅನ್ನಿಸಬಹುದು. ಆದರೆ ನಿವೃತ್ತಿ ಒಂಟಿಯಾಗಿ ಬರುವುದಿಲ್ಲ. ಕೈಗೆ ಬರುವ ಹಣ ಬದಲಾಯಿತು, 38. ಬದುಕುವ ವಾತಾವರಣ ಬದಲಾಯಿತು, 25. ಕ್ವಾರ್ಟರ್ಸ್ ಬಿಟ್ಟು ಬೇರೆ ಮನೆ, 20. ಜನರ ಒಡನಾಟ ಬದಲಾಯಿತು, 18. ನಿದ್ದೆಯ ಹೊತ್ತು ಬದಲಾಯಿತು, 16. ಕೂಡಿದರೆ 162. ಅವರ ಲೆಕ್ಕದಲ್ಲಿ ಒಂದು ವರ್ಷದೊಳಗೆ 150 ದಾಟಿದರೆ ಕಾಯಿಲೆ ಬೀಳುವ ಸಾಧ್ಯತೆ ಹೆಚ್ಚು. ಈ ಅಂಕಗಳಿಂದ ಯಾರ ಭವಿಷ್ಯವನ್ನೂ ಹೇಳಲಾಗದು, ಆ ಪಟ್ಟಿ ಅಷ್ಟು ಕರಾರುವಾಕ್ಕಲ್ಲ. ಸಣ್ಣ ಬದಲಾವಣೆಗಳು ಒಟ್ಟಿಗೆ ಬಂದರೆ ಎಷ್ಟು ಭಾರ ಅನ್ನುವುದು ಮಾತ್ರ ಇದರಿಂದ ಕಣ್ಣಿಗೆ ಕಾಣುತ್ತದೆ. ಹಾಗಾಗಿ ಆರು ತಿಂಗಳು ಮನೆ ಮಾರುವುದು, ಊರು ಬದಲಿಸುವುದು, ಗ್ರಾಚ್ಯುಟಿ ಹಣವನ್ನು ಯಾರದೋ ಮಾತು ಕೇಳಿ ಎಲ್ಲಿಗೋ ಹಾಕುವುದು, ಇವನ್ನೆಲ್ಲ ಮುಂದೂಡಿ. ಮುಂದೂಡಲು ಬರುವ ಅಂಕಗಳನ್ನಾದರೂ ಮುಂದೂಡಿದ ಹಾಗಾಗುತ್ತದೆ.

ದಿನದಹಂದರ

ನಿವೃತ್ತಿ ಕಿತ್ತುಕೊಳ್ಳುವುದು ಕೆಲಸವನ್ನಷ್ಟೇ ಅಲ್ಲ. ಎದ್ದೇಳಬೇಕಾದ ಹೊತ್ತು, ಇಸ್ತ್ರಿ ಮಾಡಿದ ಅಂಗಿ, ಬಸ್‌ಸ್ಟಾಪಿನವರೆಗಿನ ನಡಿಗೆ, ಹನ್ನೊಂದರ ಚಹಾ, ದಿನಕ್ಕೆ ಇಪ್ಪತ್ತು ಜನರ ಜೊತೆ ಎರಡೆರಡು ಮಾತು, ಇವೆಲ್ಲ ಯಾರೂ ಯೋಜಿಸದೆ ತಾವಾಗಿ ನಡೆಯುತ್ತಿದ್ದವು. ಬಳ್ಳಿ ಹಬ್ಬಲು ಹಂದರ ಇದ್ದ ಹಾಗೆ. ಮೊದಲ ಒಂದೆರಡು ತಿಂಗಳು ರಜೆ ಸಿಕ್ಕ ಖುಷಿ ಇರುತ್ತದೆ. ನಂತರ ಹಂದರ ಇಲ್ಲ ಅನ್ನುವುದು ಗೊತ್ತಾಗತೊಡಗುತ್ತದೆ. ಹಾಗಾಗಿ ಮೊದಲ ತಿಂಗಳು ಚೆನ್ನಾಗಿ ಕಳೆಯಿತು, ಇನ್ನೇನು ಯೋಚನೆಯಿಲ್ಲ ಅಂದುಕೊಳ್ಳಬೇಡಿ.

ಇದಕ್ಕೆ ಅತ್ಯಂತ ಸರಳ ಚಿಕಿತ್ಸಾ ವಿಧಾನಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅಂತ ಹೆಸರು. ಚಟುವಟಿಕೆಯನ್ನು ಮೊದಲು ಮರಳಿಸುವುದು, ಮನಸ್ಸು ಅದರ ಹಿಂದೆ ಬರುತ್ತದೆ. ಗೋವಾದಲ್ಲಿ ಸಂಗಾತ್ ಸಂಸ್ಥೆ ಇದೇ ತತ್ವದ ಮೇಲೆ ಕಾರ್ಯಕ್ರಮ ರೂಪಿಸಿ, ಮನೋವೈದ್ಯರಲ್ಲದ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಇರುವವರಿಗೆ ಆರರಿಂದ ಎಂಟು ಭೇಟಿಗಳಲ್ಲಿ ಮಾಡಿಸಿತು. ಬರೀ ಮಾಮೂಲು ಚಿಕಿತ್ಸೆ ಪಡೆದವರಿಗಿಂತ ಅವರಿಗೆ ಹೆಚ್ಚು ಗುಣ ಕಂಡದ್ದು 2017ರಲ್ಲಿ ಪ್ರಕಟವಾಯಿತು. ಹಾಗಾಗಿ ಇದು ಯಾರದೋ ಉಪದೇಶ ಅಂತ ತಳ್ಳಿಹಾಕುವಂಥದ್ದಲ್ಲ.

ಮಾಡುವ ರೀತಿ ಇಷ್ಟು. ಮೊದಲ ವಾರ ಏನೂ ಬದಲಿಸಬೇಡಿ. ಹಳೆಯ ಡೈರಿಯಲ್ಲಿ ಗಂಟೆ ಗಂಟೆಗೆ ಏನು ಮಾಡಿದಿರಿ, ಆಗ ಮನಸ್ಸು ಹೇಗಿತ್ತು ಅಂತ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಬರೆಯಿರಿ. ಒಂದು ದಿನದ ಪುಟ ಹೀಗೆ ಕಾಣಬಹುದು: 6ರಿಂದ 7, ಕಾಫಿ, ಪೇಪರ್, 4. 7ರಿಂದ 9, ಟಿವಿಯಲ್ಲಿ ಸುದ್ದಿ, 3. 9ರಿಂದ 10, ಗೇಟಿನ ಹತ್ತಿರ ನಿಂತದ್ದು, 2. 10ರಿಂದ 11, ಬಚ್ಚಲ ಕೊಳಾಯಿಯ ವಾಷರ್ ಬದಲಿಸಿದ್ದು, 6. 11ರಿಂದ 1, ಮೊಬೈಲು, 3. ಮಧ್ಯಾಹ್ನ ಊಟ, ಮಲಗಿದ್ದು, 2. 5ಕ್ಕೆ ಹಾಲಿನ ಬೂತಿನವರೆಗೆ ಹೋಗಿ ಅಲ್ಲಿ ಯಾರೋ ಸಿಕ್ಕಿ ಮಾತಾಡಿದ್ದು, 5.

ಈ ಪುಟದಲ್ಲಿ ಕಣ್ಣಿಗೆ ಬೀಳಬೇಕಾದದ್ದು ಎರಡು, ಕೊಳಾಯಿ ಮತ್ತು ಹಾಲಿನ ಬೂತು. ಅಂಕ ಮೇಲೆ ಹೋದದ್ದು ಅಲ್ಲಿ ಮಾತ್ರ. ಒಂದು ಕೈಕೆಲಸ, ಇನ್ನೊಂದು ಜನ. ಬರೆಯದೇ ಹೋಗಿದ್ದರೆ ಸಂಜೆ ಕೇಳಿದಾಗ 'ಇಡೀ ದಿನ ಬೇಜಾರು' ಅನ್ನುವ ಉತ್ತರವೇ ಬರುತ್ತಿತ್ತು. ಖಿನ್ನತೆಯ ಕಡೆಗೆ ವಾಲಿದ ಮನಸ್ಸು ಆರು ಅಂಕದ ಗಂಟೆಯನ್ನು ನೆನಪಿಟ್ಟುಕೊಳ್ಳುವುದಿಲ್ಲ. ಬರೆದಿಡುವುದು ಅದಕ್ಕೇ.

ಎರಡನೇ ವಾರ ದಿನಕ್ಕೆ ಮೂರೇ ಮೂರು ಗೂಟ ಹೊಡೆಯಿರಿ: ಮೈಗೆ ಒಂದು, ಕೈಗೆ ಒಂದು, ಜನರಿಗೆ ಒಂದು. ಹೊತ್ತು, ಜಾಗ, ಅಳತೆ ಮೂರೂ ಬರೆದಿರಬೇಕು. 'ವಾಕಿಂಗ್ ಮಾಡಬೇಕು' ಅಂತ ಬರೆದರೆ ಆಗುವುದಿಲ್ಲ. '6.45ಕ್ಕೆ ಚಪ್ಪಲಿ ಹಾಕಿ ಪಾರ್ಕಿನವರೆಗೆ ಹೋಗಿ ಎರಡು ಸುತ್ತು' ಅಂತ ಬರೆದರೆ ಆಗುತ್ತದೆ. ಇವತ್ತಿನ ಸ್ಥಿತಿಯಲ್ಲೂ ಮಾಡಬಲ್ಲೆ ಅನ್ನಿಸುವಷ್ಟು ಚಿಕ್ಕದಿರಲಿ, ಅದರಲ್ಲೂ ಅರ್ಧ ಮಾಡಿ.

ಎಡವುವುದು ಎಲ್ಲಿ ಅಂದರೆ, ಮೊದಲ ದಿನವೇ ಐದು ಕಿಲೋಮೀಟರ್, ಯೋಗದ ಕ್ಲಾಸು, ಸಂಗೀತದ ಕ್ಲಾಸು ಎಲ್ಲ ಒಟ್ಟಿಗೆ. ನಾಲ್ಕನೇ ದಿನ ನಿಂತುಹೋಗುತ್ತದೆ, 'ನನ್ನ ಕೈಲಾಗದು' ಅನ್ನುವುದು ಇನ್ನಷ್ಟು ಗಟ್ಟಿಯಾಗುತ್ತದೆ. ಇನ್ನೊಂದು, ಬಡಾವಣೆ ಸಂಘದ ಖಜಾಂಚಿಯೋ ಕಾರ್ಯದರ್ಶಿಯೋ ಆಗಿಬಿಡುವುದು. ನೋಡಲು ಒಳ್ಳೆಯ ಕೆಲಸ. ಆದರೆ ಕಳೆದುಹೋದ ಅಧಿಕಾರದ ಜಾಗವನ್ನು ಅದರಿಂದ ತುಂಬಲು ಹೊರಟರೆ ಮೊದಲ ಜಗಳಕ್ಕೇ ಮನಸ್ಸು ಮುರಿಯುತ್ತದೆ. ಮೂರು ತಿಂಗಳು ಹುದ್ದೆ ಬೇಡ, ಕೈಜೋಡಿಸಿದರೆ ಸಾಕು.

ಸಂಪಿಗೆ_ಕೊಪ್ಪ

'ಮನಸ್ಸೇ ಇಲ್ಲ, ಮಾಡಿ ಏನಾಗಬೇಕು' ಅನ್ನುವವರಿಗೆ ಏನು ಹೇಳುವುದು? ಮನೆಯವರು ಹತ್ತು ಸಲ ಹೇಳಿದರೆ ಸಿಟ್ಟೇ ಬರುತ್ತದಲ್ಲ.

ದಿನದಹಂದರ

ಹೇಳುವುದನ್ನು ನಿಲ್ಲಿಸಿ, ಜೊತೆಗೆ ಹೊರಡಿ. 'ನೀವು ವಾಕಿಂಗ್ ಹೋಗ್ರಿ' ಅನ್ನುವುದಕ್ಕೂ 'ನಾನು ತರಕಾರಿಗೆ ಹೊರಟೆ, ಚೀಲ ಹಿಡ್ಕೊಂಡು ಬರ್ತೀರಾ' ಅನ್ನುವುದಕ್ಕೂ ತುಂಬಾ ವ್ಯತ್ಯಾಸ. ಎರಡನೆಯದರಲ್ಲಿ ಅವರಿಂದ ಒಂದು ಉಪಯೋಗ ಇದೆ. ಮಾಡುವ ಮುಂಚೆ 'ಇದರಿಂದ ಎಷ್ಟು ಅಂಕ ಸಿಗಬಹುದು' ಅಂತ ಊಹಿಸಿ ಬರೆಯಲು ಹೇಳಿ, ಮಾಡಿದ ಮೇಲೆ ನಿಜವಾದ ಅಂಕ ಬರೆಯಲಿ. ಊಹೆ ಒಂದು, ಸಿಕ್ಕಿದ್ದು ಮೂರು ಅಂತ ನಾಲ್ಕೈದು ಸಲ ಆದರೆ ಆ ಕಾಗದವೇ ವಾದ ಮಾಡುತ್ತದೆ. ಎರಡು ವಾರ ಪ್ರಯತ್ನಿಸಿಯೂ ಅಂಕ ಅಲುಗಾಡದಿದ್ದರೆ ಇದನ್ನೇ ಎಳೆಯುತ್ತಾ ಕೂರಬೇಡಿ, ವೈದ್ಯರಲ್ಲಿಗೆ ಹೋಗಿ.

ರಾತ್ರಿರಾಣಿ

ನಿದ್ದೆಯ ಬಗ್ಗೆ ನಾನು ಬರೆಯುತ್ತೇನೆ, ಕೆಡುವುದರಲ್ಲಿ ಮೊದಲನೆಯದು ಅದೇ. ಕಾರಣ ಸರಳ. ಮಧ್ಯಾಹ್ನ ಎರಡು ಗಂಟೆ ಮಲಗುತ್ತಾರೆ, ಮೈ ದಣಿದಿರುವುದಿಲ್ಲ, ಬೆಳಗಿನ ಬಿಸಿಲು ಬಿದ್ದಿರುವುದಿಲ್ಲ, ರಾತ್ರಿ ಬೇಜಾರಿಗೆ ಒಂಬತ್ತೂವರೆಗೇ ಹಾಸಿಗೆ ಸೇರುತ್ತಾರೆ.

ಒಂದು ವಾರದ ನಿದ್ದೆ ಲೆಕ್ಕ ಬರೆದು ಸರಾಸರಿ ತೆಗೆಯಿರಿ. ಉದಾಹರಣೆಗೆ 9.30ಕ್ಕೆ ಮಲಗಿದ್ದು, ನಿದ್ದೆ ಬಂದದ್ದು 11.30ಕ್ಕೆ, 3ಕ್ಕೆ ಎಚ್ಚರ, ಮತ್ತೆ 4.30ಕ್ಕೆ ನಿದ್ದೆ, 6ಕ್ಕೆ ಎದ್ದದ್ದು. ಹಾಸಿಗೆಯಲ್ಲಿ ಕಳೆದದ್ದು ಎಂಟೂವರೆ ಗಂಟೆ, ನಿದ್ದೆ ಐದೇ ಗಂಟೆ, ಅಂದರೆ ಶೇ. 59. ಶೇ. 85ರ ಹತ್ತಿರ ಬರಬೇಕು. ಅದಕ್ಕೆ ದಾರಿ ಹೆಚ್ಚು ಹೊತ್ತು ಮಲಗುವುದಲ್ಲ, ಹಾಸಿಗೆಯ ಹೊತ್ತು ಕಡಿಮೆ ಮಾಡುವುದು. ಚಿಕ್ಕ ವಯಸ್ಸಿನವರಿಗೆ ಒಮ್ಮೆಗೇ ಐದೂವರೆ ಗಂಟೆಗೆ ಇಳಿಸುವುದುಂಟು. ಅರವತ್ತು ದಾಟಿದವರಿಗೆ ಹಾಗೆ ಬೇಡ, ಹಗಲು ತೂಕಡಿಸಿ ಬೀಳುವ ಅಪಾಯ ಇದೆ. ಏಳುವ ಹೊತ್ತು 6 ಅಂತ ಗಟ್ಟಿ ಮಾಡಿ, ಮಲಗುವ ಹೊತ್ತನ್ನು ವಾರಕ್ಕೆ ಅರ್ಧರ್ಧ ಗಂಟೆ ಮುಂದಕ್ಕೆ ಹಾಕಿ: 10, ಮುಂದಿನ ವಾರ 10.30, ಆಮೇಲೆ 11. ಶೇ. 85 ಮುಟ್ಟಿದಲ್ಲಿ ನಿಲ್ಲಿಸಿ, ಬೇಕಿದ್ದರೆ ಅಲ್ಲಿಂದ ಕಾಲು ಕಾಲು ಗಂಟೆ ಹಿಂದಕ್ಕೆ ತನ್ನಿ. ಮೂರ್ಛೆರೋಗ ಇರುವವರು, ಬೈಪೋಲಾರ್ (ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಲೇಬಾರದು, ನಿದ್ದೆ ಕಡಿತದಿಂದ ಎರಡೂ ಕೆರಳುತ್ತವೆ.

ಇಪ್ಪತ್ತು ನಿಮಿಷ ಆಯಿತು, ನಿದ್ದೆ ಬರಲಿಲ್ಲ ಅನ್ನಿಸಿದರೆ ಎದ್ದು ಬೇರೆ ಕೋಣೆಯಲ್ಲಿ ಕುಳಿತುಕೊಳ್ಳಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಕಣ್ಣು ಎಳೆದಾಗ ವಾಪಸ್ ಬನ್ನಿ. ಮಧ್ಯಾಹ್ನ ಮಲಗಲೇಬೇಕಿದ್ದರೆ ಮೂರು ಗಂಟೆಯೊಳಗೆ, ಅರ್ಧ ಗಂಟೆ ಮೀರದಂತೆ. ಸಂಜೆ ಐದರ ಫಿಲ್ಟರ್ ಕಾಫಿಯ ಕೆಫೀನು ರಾತ್ರಿ ಹತ್ತು ಹನ್ನೊಂದರ ಹೊತ್ತಿಗೂ ಸುಮಾರು ಅರ್ಧದಷ್ಟು ಮೈಯಲ್ಲಿರುತ್ತದೆ, ಹಾಗಾಗಿ ಕೊನೆಯ ಲೋಟ ಮಧ್ಯಾಹ್ನ ಎರಡರೊಳಗೆ ಮುಗಿಯಲಿ. ಬೆಳಗ್ಗೆ ಅರ್ಧ ಗಂಟೆ ಹೊರಗಿನ ಬೆಳಕು ಬೀಳಬೇಕು. ಕಿಟಕಿ ಪಕ್ಕ ಕೂತರೆ ಅಷ್ಟು ಬೆಳಕು ಸಿಗುವುದಿಲ್ಲ.

ಜೋರು ಗೊರಕೆ, ಮಧ್ಯೆ ಉಸಿರು ನಿಂತಂತಾಗುವುದು, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದು, ಇವು ಇದ್ದರೆ ಅವಕ್ಕೆ ಮೊದಲು ತಪಾಸಣೆ ಆಗಲಿ. ಅವನ್ನು ಬಿಟ್ಟು ಮಲಗುವ ಹೊತ್ತು ಸರಿಮಾಡಿದರೆ ಪ್ರಯೋಜನ ಇಲ್ಲ.

ಬಿಳಿಕೋಟು

ಮನಸ್ಸಿನದ್ದು ಅಂತ ನಿರ್ಧರಿಸುವ ಮುಂಚೆ ರಕ್ತ ಪರೀಕ್ಷೆ. ಹಿಮೋಗ್ಲೋಬಿನ್, ಸಕ್ಕರೆ, ಟಿಎಸ್‌ಎಚ್ (ಥೈರಾಯ್ಡ್ ನೋಡಲು), ವಿಟಮಿನ್ ಬಿ12, ಸೋಡಿಯಂ, ಕ್ರಿಯಾಟಿನಿನ್ (ಮೂತ್ರಪಿಂಡ ನೋಡಲು). ಥೈರಾಯ್ಡ್ ಕಡಿಮೆ ಇದ್ದರೂ ಸುಸ್ತು, ನಿರಾಸಕ್ತಿ, ಮರೆವು ಬರುತ್ತದೆ, ನೋಡಲು ಥೇಟು ಖಿನ್ನತೆಯೇ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಜೊತೆಗೆ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಆಸಿಡಿಟಿಗೆ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಿದ್ದರೆ ಕೊರತೆ ಇನ್ನೂ ಹೆಚ್ಚು. ಕಿವಿಯನ್ನೂ ಪರೀಕ್ಷಿಸಿ. ಸರಿಯಾಗಿ ಕೇಳಿಸದವರು ಮಾತುಕತೆಯಿಂದ ಮೆಲ್ಲಗೆ ಹಿಂದೆ ಸರಿಯುತ್ತಾರೆ, ಮನೆಯವರು 'ಒಬ್ಬರೇ ಕೂರ್ತಾರೆ' ಅಂದುಕೊಳ್ಳುತ್ತಾರೆ.

ಖಿನ್ನತೆ ಎಷ್ಟಿದೆ ಅಂತ ಮನೆಯಲ್ಲೇ ಅಳೆಯಲು ಪಿಎಚ್‌ಕ್ಯು-9 ಪ್ರಶ್ನಾವಳಿ ಇದೆ, ಕನ್ನಡದಲ್ಲೂ ಸಿಗುತ್ತದೆ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27. ಹತ್ತಕ್ಕಿಂತ ಕಡಿಮೆ ಇದ್ದರೆ ಮೇಲೆ ಹೇಳಿದ ದಿನಚರಿ ಮಾಡಿ ಎರಡು ವಾರ ಬಿಟ್ಟು ಮತ್ತೆ ನೋಡಿ. ಹತ್ತು ಅಥವಾ ಮೇಲೆ ಇದ್ದರೆ ವೈದ್ಯರನ್ನು ಕಾಣಿ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಮಾತಾಡಬೇಕು.

ಅಡಿಗೆಮನೆ_ಕಿಟಕಿ

ಇಲ್ಲಿ ತನಕ ನಿವೃತ್ತರ ಬಗ್ಗೆ ಮಾತ್ರ ಬಂತು. ಮನೆಯಲ್ಲೇ ಇರುವ ಹೆಂಡತಿಯ ದಿನವೂ ಅವತ್ತೇ ಬದಲಾಗುತ್ತದೆ. ಮೂವತ್ತು ವರ್ಷ ಹತ್ತರಿಂದ ಐದು ಆಕೆಯ ಸ್ವಂತ ಹೊತ್ತು. ಈಗ ಹನ್ನೊಂದಕ್ಕೆ ಚಹಾ, ಒಂದಕ್ಕೆ ಬಿಸಿ ಊಟ, ನಾಲ್ಕಕ್ಕೆ ತಿಂಡಿ, ಮಧ್ಯೆ 'ಫ್ರಿಜ್ಜು ಯಾಕೆ ಹೀಗೆ ಇಟ್ಟಿದ್ದೀಯ' ಅನ್ನುವ ತಪಾಸಣೆ. ಜಗಳ ಹುಟ್ಟುವುದು ಇಲ್ಲಿಂದಲೇ, ಆಮೇಲೆ ಇಬ್ಬರ ಮನಸ್ಸೂ ಕೆಡುತ್ತದೆ.

ಮೊದಲ ವಾರದಲ್ಲೇ ಕೂತು ಮಾತಾಡಿ ಮೂರು ವಿಷಯ ತೀರ್ಮಾನಿಸಿ. ಒಂದು, ದಿನಕ್ಕೆ ಕನಿಷ್ಠ ಮೂರು ಗಂಟೆ ಇಬ್ಬರೂ ಬೇರೆ ಬೇರೆ, ಒಬ್ಬರು ಮನೆಯ ಹೊರಗೆ ಅಥವಾ ಬೇರೆ ಕೋಣೆಯಲ್ಲಿ. ಎರಡು, ಮನೆಗೆಲಸದಲ್ಲಿ ಎರಡು ಕೆಲಸ ಪೂರ್ತಿಯಾಗಿ ನಿವೃತ್ತರಾದ ಗಂಡನದ್ದು. 'ಸಹಾಯ ಮಾಡ್ತೀನಿ' ಅನ್ನುವುದಲ್ಲ, ಪೂರ್ತಿ ವಹಿಸಿಕೊಳ್ಳುವುದು. ಹಾಲು, ತರಕಾರಿ, ಕರೆಂಟ್ ಬಿಲ್ಲು, ಬಟ್ಟೆ ಒಣಗಿಸಿ ಮಡಚುವುದು, ಯಾವುದಾದರೂ ಸರಿ. ತಪ್ಪಾದರೆ ಆಕೆ ತಿದ್ದಬಾರದು, ಅವರೇ ಕಲಿಯಲಿ. ಮೂರು, ಮಧ್ಯಾಹ್ನದ ಕಾಫಿ ಅವರವರೇ ಮಾಡಿಕೊಳ್ಳುವುದು.

ಕೆಲಸಕ್ಕೆ ಹೋಗುತ್ತಿದ್ದ ಹೆಂಗಸರು ನಿವೃತ್ತರಾದಾಗ ತೊಂದರೆ ಬೇರೆ ತರಹದ್ದು. ಅವರಿಗೆ ಬಿಡುವೇ ಸಿಗುವುದಿಲ್ಲ. 'ಈಗ ಮನೇಲೇ ಇರ್ತೀರಲ್ಲ' ಅಂತ ಮೊಮ್ಮಗು, ವಯಸ್ಸಾದ ಅತ್ತೆ, ಮೂರು ಹೊತ್ತಿನ ಅಡಿಗೆ ಎಲ್ಲ ಮೇಲೆ ಬಂದು ಕೂರುತ್ತದೆ. ಅವರ ದಿನಕ್ಕೆ ಹೊಸ ಕೆಲಸ ಸೇರಿಸಬೇಕಿಲ್ಲ. ವಾರಕ್ಕೆ ಎರಡು ಸಂಜೆ ಯಾರೂ ಮುಟ್ಟದ ಹೊತ್ತು ಅಂತ ಮನೆಯವರಿಂದ ಬರೆಸಿಕೊಳ್ಳಬೇಕು.

ತುಳಸೀಕಟ್ಟೆ

ಇಷ್ಟೆಲ್ಲ ಅಂಕಿ ಅಂಶ ಬೇಕೇ? ಭಜನೆ, ಧ್ಯಾನ, ಪ್ರಾಣಾಯಾಮ ಮಾಡಿದರೆ ಮನಸ್ಸು ತಾನೇ ತಿಳಿಯಾಗುತ್ತದೆ. ನಮ್ಮ ಹಿರಿಯರು ಯಾವ ಆಪ್ತಸಮಾಲೋಚಕರ ಹತ್ತಿರ ಹೋಗಿದ್ದರು?

ದಿನದಹಂದರ

ತುಳಸೀಕಟ್ಟೆಯವರೇ, ಭಜನೆ ಒಳ್ಳೆಯದೇ, ಅದನ್ನು ಪಟ್ಟಿಗೆ ಸೇರಿಸಿ. ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಹತ್ತು ಜನ ಸೇರಿ ದನಿಯೆತ್ತಿ ಹಾಡುವುದರಲ್ಲಿ ಹೊತ್ತು, ಜನ, ಉಸಿರು ಮೂರೂ ಇವೆ. ತಾಳಮದ್ದಳೆ, ಗಮಕ, ಗ್ರಂಥಾಲಯದಲ್ಲಿ ಸಂಜೆ ಪೇಪರ್ ಓದುವ ಗುಂಪು, ಎಲ್ಲ ಅದೇ ಲೆಕ್ಕ.

ಕಣ್ಣು ಮುಚ್ಚಿ ಒಬ್ಬರೇ ಕೂರುವ ಧ್ಯಾನದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮನಸ್ಸು ಈಗಾಗಲೇ ಹಳೆಯದನ್ನೇ ಮೆಲುಕು ಹಾಕುತ್ತಿದ್ದರೆ ಒಂದು ಗಂಟೆ ಸುಮ್ಮನೆ ಕೂತಾಗ ಮೆಲುಕು ಹೆಚ್ಚಾಗಬಹುದು. ಅಂಥವರಿಗೆ ಹತ್ತು ನಿಮಿಷ, ಕಣ್ಣು ತೆರೆದು, ಉಸಿರು ಎಣಿಸುವುದು ಸಾಕು. ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಆರು ಎಣಿಕೆ. ಹೊರಬಿಡುವುದು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ.

ಹಿರಿಯರ ಮಾತು ಬಂತು. ಅವರು ಹೊಲ, ಅಂಗಡಿ, ಮಗ್ಗ ಬಿಟ್ಟು ಒಂದೇ ದಿನದಲ್ಲಿ ನಿವೃತ್ತರಾದವರಲ್ಲ. ಕೆಲಸ ವಯಸ್ಸಿನ ಜೊತೆ ಮೆಲ್ಲಗೆ ಹಗುರವಾಗುತ್ತಿತ್ತು. ಒಂದೇ ದಿನಕ್ಕೆ ಪೂರ್ತಿ ನಿಲ್ಲುವುದು ಸಂಬಳದ ನೌಕರಿಯ ಜೊತೆ ಬಂದದ್ದು.

ಚಿಂತೆಚೀಟಿ

ಮೆಲುಕು ಹಾಕುವುದರ ಬಗ್ಗೆ ಮಾತು ಬಂದದ್ದರಿಂದ ಒಂದು ಸಣ್ಣ ಉಪಾಯ. ಹಣ, ಆರೋಗ್ಯ, ಮಕ್ಕಳ ಮದುವೆ ಅಂತ ದಿನವಿಡೀ ತಲೆ ತಿನ್ನುವ ಚಿಂತೆಗೆ ಒಂದು ಹೊತ್ತು ಗೊತ್ತು ಮಾಡಿ, ಸಂಜೆ 5ರಿಂದ 5.20. ಹಗಲಿನಲ್ಲಿ ಬಂದದ್ದನ್ನು ಒಂದು ಸಾಲು ಚೀಟಿಯಲ್ಲಿ ಬರೆದು ಪಕ್ಕಕ್ಕಿಡಿ. ಐದಕ್ಕೆ ಕೂತು ಚೀಟಿಗಳನ್ನು ಎರಡು ಪಾಲು ಮಾಡಿ: ನಾನು ಏನಾದರೂ ಮಾಡಬಹುದಾದದ್ದು, ಮಾಡಲಾಗದ್ದು. ಮೊದಲನೆಯದಕ್ಕೆ ಮುಂದಿನ ಒಂದು ಹೆಜ್ಜೆ ಮತ್ತು ದಿನಾಂಕ ಬರೆಯಿರಿ. 'ಪಿಂಚಣಿ ಇನ್ನೂ ಬಂದಿಲ್ಲ' ಅನ್ನುವ ಚೀಟಿಗೆ 'ಸೋಮವಾರ 11ಕ್ಕೆ ಖಜಾನೆಗೆ ಹೋಗಿ ಕೇಳುವುದು'. ಎರಡನೆಯದನ್ನು ನಾಳೆಯ ಐದು ಗಂಟೆಗೆ ಇಡಿ. ರಾತ್ರಿ ಊಟದ ನಂತರ ಇದನ್ನು ಮಾಡಬೇಡಿ, ಅದೇ ಯೋಚನೆ ಹಾಸಿಗೆಗೂ ಬರುತ್ತದೆ.

ಬಿಳಿಕೋಟು

ಇನ್ನು ಯಾರ ಹತ್ತಿರ ಹೋಗುವುದು. ಈ ಗೊಂದಲದಲ್ಲೇ ಎಷ್ಟೋ ಜನ ತಿಂಗಳುಗಟ್ಟಲೆ ಕಳೆಯುತ್ತಾರೆ.

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಪಿಎಂ ಅಥವಾ ಡಿಎನ್‌ಬಿ ಮಾಡಿದವರು, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಮಾಡುತ್ತಾರೆ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿ ನೋಡಿ. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವವರಾದರೆ ಬೇರೆಯವರನ್ನು ಹುಡುಕಿ. ಆಪ್ತಸಮಾಲೋಚಕರ ಓದು ಬಹಳ ವ್ಯತ್ಯಾಸವಾಗುತ್ತದೆ, ಎರಡು ವರ್ಷದ ಸ್ನಾತಕೋತ್ತರ ಪದವಿಯಿಂದ ವಾರಾಂತ್ಯದ ಕೋರ್ಸಿನವರೆಗೆ. ಏನು ಓದಿದ್ದೀರಿ, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತೀರಿ ಅಂತ ನೇರವಾಗಿ ಕೇಳುವುದು ನಿಮ್ಮ ಹಕ್ಕು.

ಮೊದಲ ಭೇಟಿ ಸುಮಾರು 45ರಿಂದ 50 ನಿಮಿಷ. ತೆಗೆದುಕೊಂಡು ಹೋಗಬೇಕಾದದ್ದು: ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಆಯುರ್ವೇದದ್ದೂ ಸೇರಿ. ಇತ್ತೀಚಿನ ರಕ್ತ ಪರೀಕ್ಷೆ. ಒಂದು ವಾರದ ಡೈರಿ ಮತ್ತು ನಿದ್ದೆ ಲೆಕ್ಕ. ಅವರು ನಿದ್ದೆ, ಹಸಿವು, ಕುಡಿತ, ಮನೆಯ ಸಂಬಂಧ, ಹಿಂದೆ ಎಂದಾದರೂ ಹೀಗಾಗಿತ್ತೇ, ಸಾವಿನ ಯೋಚನೆ ಬಂದಿತ್ತೇ ಅಂತೆಲ್ಲ ಕೇಳುತ್ತಾರೆ. ಮನೆಯವರನ್ನೂ ಬೇರೆಯಾಗಿ ಮಾತಾಡಿಸಬಹುದು, ನಿಮ್ಮ ಒಪ್ಪಿಗೆ ಪಡೆದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ವಿಷಯವನ್ನು ಗುಟ್ಟಾಗಿಡುವುದು ಅವರ ಹೊಣೆ, ಜೀವಕ್ಕೆ ಅಪಾಯ ಇದ್ದಾಗ, ಕೋರ್ಟ್ ಆದೇಶ ಇದ್ದಾಗ, ಹೀಗೆ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ. ಇದನ್ನು ಮೊದಲ ಭೇಟಿಯಲ್ಲೇ ಅವರು ನಿಮಗೆ ತಿಳಿಸಬೇಕು.

ಎರಡು ಮೂರನೇ ಭೇಟಿಯೊಳಗೆ ಒಂದು ಗುರಿ ಬರೆದಿರಬೇಕು. 'ಖುಷಿಯಾಗಿರಬೇಕು' ಅನ್ನುವುದು ಗುರಿಯಲ್ಲ, 'ವಾರಕ್ಕೆ ನಾಲ್ಕು ದಿನ ಮನೆಯಿಂದ ಹೊರಗೆ ಹೋಗುವುದು, ರಾತ್ರಿ ಆರು ಗಂಟೆ ನಿದ್ದೆ' ಅನ್ನುವುದು ಗುರಿ. ಆರನೇ ಭೇಟಿಯ ಹೊತ್ತಿಗೆ ಕೂತು ಲೆಕ್ಕ ನೋಡಿ. ಏನೂ ಬದಲಾಗಿಲ್ಲದಿದ್ದರೆ ಹಾಗೆಂದು ಹೇಳಿ. ಒಳ್ಳೆಯ ಚಿಕಿತ್ಸಕರು ಇದನ್ನು ಕೇಳಿ ವಿಧಾನ ಬದಲಿಸುತ್ತಾರೆ, ಇಲ್ಲವೇ ಬೇರೆಯವರ ಹತ್ತಿರ ಕಳಿಸುತ್ತಾರೆ. ಒಂದೇ ಸಿಟ್ಟಿಂಗಿನಲ್ಲಿ ವಾಸಿ ಮಾಡುತ್ತೇನೆ ಅನ್ನುವವರು, ಮನೋವೈದ್ಯರು ಕೊಟ್ಟ ಮಾತ್ರೆ ಬಿಡಿ ಅನ್ನುವವರು, ಹತ್ತು ಭೇಟಿಯ ಹಣ ಮುಂಗಡ ಕೇಳುವವರು, ಇವರಿಂದ ದೂರ ಇರಿ.

ಕೆಲಗೇರಿಕೆರೆ

ಬೆಂಗಳೂರಿಗೇ ಹೋಗಬೇಕಂತ ಏನಿಲ್ರಿ. ಧಾರವಾಡದಾಗ ಡಿಮ್ಹಾನ್ಸ್ ಐತಿ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ, ಖರ್ಚು ಕಡಿಮಿ. ಜಿಲ್ಲಾ ಆಸ್ಪತ್ರ್ಯಾಗ ಮಾನಸಿಕ ಆರೋಗ್ಯ ವಿಭಾಗ ಇರ್ತದ. ಈ ಜಿಲ್ಲಾ ಕಾರ್ಯಕ್ರಮದ ಬೇರು ನಮ್ಮ ಬಳ್ಳಾರಿಯೊಳಗೇ ಐತಿ. 1980ರ ದಶಕದಾಗ ನಿಮ್ಹಾನ್ಸ್‌ನವರು ಅಲ್ಲಿ ಮಾಡಿದ ಪ್ರಯೋಗಾನೇ 1996ರಾಗ ರಾಷ್ಟ್ರೀಯ ಮಟ್ಟಕ್ಕ ಹೋತು. ತಾಲೂಕು ಆಸ್ಪತ್ರಿಗೆ ಮಂಗಳವಾರ ಮನೋವೈದ್ಯರು ಬರೂ ಮನೋಚೈತನ್ಯ ಕಾರ್ಯಕ್ರಮಾನೂ ಐತಿ. ಆದ್ರ ಹೋಗೂಕಿಂತ ಮೊದಲ ಆಸ್ಪತ್ರಿಗೆ ಫೋನ್ ಮಾಡಿ ಈ ವಾರ ಬರ್ತಾರೇನು ಅಂತ ಕೇಳ್ರಿ.

ಹೋಗಾಕ ಮನಸ್ಸಿಲ್ಲ ಅನ್ನಾವ್ರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. 2022ರ ಅಕ್ಟೋಬರ್ 10ಕ್ಕ ಶುರು ಆತು. ಪುಕ್ಕಟೆ, ಹಗಲು ರಾತ್ರಿ ಇರ್ತದ, ಕನ್ನಡದಾಗ ಮಾತಾಡ್ತಾರ. ಫೋನ್ ಮಾಡಿದ ಮ್ಯಾಲೆ ಭಾಷೆ ಆರಿಸ್ಕೋಬೇಕು, ಗಡಬಡಿಸಿ ಇಟ್ಟುಬಿಡಬ್ಯಾಡ್ರಿ. ಹಿರಿಯರ ಪಿಂಚಣಿ, ಕಾನೂನು, ಮನಿ ತೊಂದರಿಗೆ ಎಲ್ಡರ್ ಲೈನ್ 14567 ಬ್ಯಾರೆ ಐತಿ.

ಔಷಧಿಅಂಗಡಿ

ಖಿನ್ನತೆಗೆ ಮಾತ್ರೆ ಬರೆದುಕೊಟ್ಟರೆ ಗೊತ್ತಿರಬೇಕಾದದ್ದು. ಸಾಮಾನ್ಯವಾಗಿ ಕೊಡುವುದು ಎಸಿಟಾಲೋಪ್ರಾಮ್ ಅಥವಾ ಸರ್ಟ್ರಲಿನ್. ವಯಸ್ಸಾದವರಿಗೆ ಅರ್ಧ ಪ್ರಮಾಣದಿಂದ ಶುರು ಮಾಡುತ್ತಾರೆ. ಮೊದಲ ವಾರ ವಾಕರಿಕೆ, ತಳಮಳ ಇರಬಹುದು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಪರಿಣಾಮಕ್ಕೆ ಆರೆಂಟು ವಾರ. ಹತ್ತನೇ ದಿನ 'ತೊಂದರೆ ಮಾತ್ರ ಇದೆ, ಲಾಭ ಇಲ್ಲ' ಅಂತ ಬಿಡುವವರು ಬಹಳ, ಯಾಕೆಂದರೆ ತೊಂದರೆ ಮೊದಲು ಬರುತ್ತದೆ, ಲಾಭ ತಡವಾಗಿ.

ಅರವತ್ತು ದಾಟಿದವರಲ್ಲಿ ವಿಶೇಷವಾಗಿ ನೋಡಬೇಕಾದದ್ದು ಸೋಡಿಯಂ. ಈ ಮಾತ್ರೆಗಳಿಂದ ರಕ್ತದಲ್ಲಿ ಸೋಡಿಯಂ ಇಳಿಯಬಹುದು, ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ ಇನ್ನೂ ಹೆಚ್ಚು. ತಲೆನೋವು, ಗಲಿಬಿಲಿ, ನಡೆಯುವಾಗ ತೂರಾಡುವುದು ಕಂಡರೆ ಕಾಯಬೇಡಿ. ಶುರು ಮಾಡಿ ಎರಡು ವಾರದ ಹೊತ್ತಿಗೆ ಒಂದು ಸೋಡಿಯಂ ಪರೀಕ್ಷೆ ಆಗಬೇಕೇ ಅಂತ ವೈದ್ಯರನ್ನು ಕೇಳಿ. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತಗೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇದರ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಏರುತ್ತದೆ.

ಆಲ್ಪ್ರಜೋಲಾಮ್, ಕ್ಲೋನಾಜೆಪಾಮ್ ತರಹದ ನಿದ್ದೆ ಮಾತ್ರೆ ಅವತ್ತೇ ಆರಾಮ ಕೊಡುತ್ತದೆ, ತೊಂದರೆ ಇರುವುದೂ ಅದರಲ್ಲೇ. ಎರಡರಿಂದ ನಾಲ್ಕು ವಾರ ಮೀರಿದರೆ ಅಭ್ಯಾಸವಾಗಿಬಿಡುತ್ತದೆ, ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟ ಮುರಿಯಬಹುದು. ಹಳೆಯ ಚೀಟಿ ತೋರಿಸಿ ತರಿಸಿಕೊಳ್ಳಬೇಡಿ. ಈಗಾಗಲೇ ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಗೇ ನಿಲ್ಲಿಸಲೂಬೇಡಿ, ಫಿಟ್ಸ್ ಬರಬಹುದು. ವೈದ್ಯರೇ ವಾರ ವಾರ ಇಳಿಸಬೇಕು. ಖಿನ್ನತೆಯ ಮಾತ್ರೆಯೂ ಹಾಗೇ, ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ ಮೆಲ್ಲಗೆ ಇಳಿಸುವುದು.

ಸಂಪಿಗೆ_ಕೊಪ್ಪ

ಮರೆವು ಬಂದರೆ ಖಿನ್ನತೆಯೋ ಡಿಮೆನ್ಷಿಯಾವೋ (ಮರೆವಿನ ಕಾಯಿಲೆ) ಹೇಗೆ ಗೊತ್ತಾಗುವುದು?

ಬಿಳಿಕೋಟು

ಪೂರ್ತಿ ಹೇಳಲು ಪರೀಕ್ಷೆ ಬೇಕು. ಮನೆಯವರು ಗಮನಿಸಬಹುದಾದದ್ದು ಇಷ್ಟು. ಖಿನ್ನತೆಯಲ್ಲಿ ಮರೆವು ಕೆಲವು ವಾರಗಳಲ್ಲಿ ಶುರುವಾಗಿರುತ್ತದೆ, ಅವರೇ ಅದರ ಬಗ್ಗೆ ದೂರುತ್ತಾರೆ, ಏನು ಕೇಳಿದರೂ 'ಗೊತ್ತಿಲ್ಲ' ಅನ್ನುತ್ತಾರೆ. ಡಿಮೆನ್ಷಿಯಾದಲ್ಲಿ ವರ್ಷಗಟ್ಟಲೆ ಮೆಲ್ಲಗೆ ಬಂದಿರುತ್ತದೆ, ಅವರು ಏನೂ ಆಗಿಲ್ಲ ಅನ್ನುತ್ತಾರೆ, ತಪ್ಪು ಉತ್ತರ ಕೊಟ್ಟು ಮುಚ್ಚಿಹಾಕುತ್ತಾರೆ, ದೂರು ಮನೆಯವರದ್ದು. ಎರಡೇ ದಿನದಲ್ಲಿ ಗಲಿಬಿಲಿ, ಹೊತ್ತು ಗೊತ್ತಾಗದಿರುವುದು, ಇಲ್ಲದ್ದು ಕಾಣುವುದು ಶುರುವಾದರೆ ಅದು ಇವೆರಡೂ ಅಲ್ಲ. ಮೂತ್ರದ ಸೋಂಕು, ಸೋಡಿಯಂ, ಸಕ್ಕರೆ, ಮಾತ್ರೆಯ ಏರುಪೇರು, ಏನೂ ಇರಬಹುದು. ಅವತ್ತೇ ಆಸ್ಪತ್ರೆ.

ದಿನದಹಂದರ

ಎರಡು ವಿಷಯ ಯಾರೂ ಬರೆಯಲಿಲ್ಲ, ಬರೆಯಲೇಬೇಕು.

ಕುಡಿತ. ಬೆಳಗ್ಗೆ ಕಚೇರಿ ಇಲ್ಲ ಅನ್ನುವುದೇ ಒಂದು ತಡೆ ಹೋದ ಹಾಗೆ. ಭಾನುವಾರದ್ದು ಬುಧವಾರಕ್ಕೂ ಬರುತ್ತದೆ, ಎಂಟರದ್ದು ಆರಕ್ಕೆ ಬರುತ್ತದೆ. ಡೈರಿಯಲ್ಲಿ ಅದನ್ನೂ ಬರೆಯಿರಿ, ಎಷ್ಟು ಹೊತ್ತಿಗೆ, ಎಷ್ಟು ಎಂಎಲ್. ದಿನವೂ ಕುಡಿಯುವವರು ಒಮ್ಮೆಗೇ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು, ವೈದ್ಯರ ಜೊತೆ ಮಾತಾಡಿಯೇ ಬಿಡಬೇಕು.

ಇನ್ನೊಂದು, ಸಾವಿನ ಮಾತು. 'ಇನ್ನು ಯಾಕೆ ಇರಬೇಕು', 'ನನ್ನಿಂದ ಎಲ್ಲರಿಗೂ ಭಾರ' ಅಂದರೆ ಗದರಬೇಡಿ, ಮಾತು ತಿರುಗಿಸಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: 'ಸಾಯಬೇಕು ಅನ್ನಿಸ್ತಿದೆಯಾ ಅಪ್ಪ?' ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಕ್ರಿಮಿನಾಶಕ, ಉಳಿದ ಮಾತ್ರೆಗಳನ್ನು ಬೇರೆಯವರ ಸುಪರ್ದಿಗೆ ಕೊಡಿ, 14416ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ನಾಳೆ ನೋಡೋಣ ಅನ್ನಬೇಡಿ.

ದೂರದೂರು

ಮಕ್ಕಳು ಹೊರದೇಶದಲ್ಲಿದ್ದು, ಅಪ್ಪ ಅಮ್ಮನಿಗೆ ವಿಡಿಯೋ ಮೂಲಕ ಸಮಾಲೋಚನೆ ಗೊತ್ತು ಮಾಡಿದರೆ ಉಪಯೋಗ ಆಗುತ್ತದೆಯೇ? ಇಂಗ್ಲಿಷ್ ಬರುತ್ತದೆ, ಆದರೆ ಮನಸ್ಸಿನ ಮಾತು ಇಂಗ್ಲಿಷಿನಲ್ಲಿ ಬರುವುದಿಲ್ಲ.

ದಿನದಹಂದರ

ಆಗುತ್ತದೆ. ಕನ್ನಡ ಬಲ್ಲವರನ್ನೇ ಹುಡುಕಿ, ಅದರಲ್ಲಿ ರಾಜಿ ಬೇಡ. 'ಸಂಕಟ', 'ತಳಮಳ', 'ಬೇಜಾರು', 'ಮನಸ್ಸು ಭಾರ' ಇವೆಲ್ಲ ಒಂದೇ ಅಲ್ಲ. ಕೇಳುವವರಿಗೆ ಆ ವ್ಯತ್ಯಾಸ ಗೊತ್ತಿರಬೇಕು. ಮೊದಲ ಭೇಟಿ ಮಾತ್ರ ಸಾಧ್ಯವಾದರೆ ಎದುರಾ ಎದುರು ಆಗಲಿ, ಆಮೇಲೆ ವಿಡಿಯೋ.

ಫೋನನ್ನು ಕೈಯಲ್ಲಿ ಹಿಡಿದು ಮಾತಾಡಿದರೆ ಹತ್ತು ನಿಮಿಷಕ್ಕೆ ಕೈ ನೋಯುತ್ತದೆ, ಮುಖ ಅರ್ಧ ಕಾಣುತ್ತದೆ. ಎರಡು ದಪ್ಪ ಪುಸ್ತಕ ಪೇರಿಸಿ ಅದಕ್ಕೆ ಒರಗಿಸಿಡಿ, ಕಣ್ಣಿನ ಮಟ್ಟಕ್ಕೆ. ತಂತಿಯ ಇಯರ್‌ಫೋನ್ ಇರಲಿ, ಚಾರ್ಜು ಮುಗಿಯುವ ಗೋಳಿಲ್ಲ, ಜೊತೆಗೆ ಆಚೆಯವರ ಮಾತು ಮನೆಯವರಿಗೆ ಕೇಳಿಸದು. ಆ 50 ನಿಮಿಷ ಕೋಣೆಯ ಬಾಗಿಲು ಹಾಕಿರಬೇಕು, ಕಾಫಿ ಕೊಡುವ ನೆಪದಲ್ಲೂ ಯಾರೂ ಒಳಗೆ ಹೋಗಬಾರದು. ಮುಗಿದ ಮೇಲೆ 'ಏನು ಕೇಳಿದ್ರು, ಏನು ಹೇಳಿದೆ' ಅಂತ ಮಕ್ಕಳು ಫೋನ್ ಮಾಡಬೇಡಿ. ಅರ್ಧ ಗಂಟೆ ಬಿಟ್ಟು ಊಟ ಆಯಿತಾ ಅಂತ ಕೇಳಿ.